ರಿಟುಕ್ಸಿಮ್ಯಾಬ್: ಎಲ್ಲಿಯವರೆಗೆ ಕೊಡಬೇಕು?

ಫಾಲಿಕ್ಯುಲರ್ ಲಿಂಫೋಮಾ ನಿಧಾನವಾಗಿ ಬೆಳೆಯುವ ಕ್ಯಾನ್ಸರ್. ಕೀಮೋಥೆರಪಿಗೆ ಮಣಿಯುತ್ತದೆ, ಕೆಲವು ವರ್ಷಗಳಲ್ಲಿ ಮತ್ತೆ ತಲೆ ಎತ್ತುತ್ತದೆ. ಈ ಕಾಯಿಲೆಯ ಚಿಕಿತ್ಸೆಯ ದಾರಿಯನ್ನೇ ಬದಲಿಸಿದ್ದು ರಿಟುಕ್ಸಿಮ್ಯಾಬ್ ಎಂಬ ಪ್ರತಿಕಾಯ. ಬಿ-ಲಿಂಫೋಸೈಟ್‌ಗಳ ಮೈಮೇಲಿರುವ ಸಿಡಿ20 ಪ್ರೋಟೀನನ್ನು ಅದು ಹಿಡಿದುಕೊಳ್ಳುತ್ತದೆ. ಹಾಗೆ ಗುರುತಾದ ಕೋಶವನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಕೊಲ್ಲುತ್ತದೆ. ಮಜ್ಜೆಯ ಮೂಲಕೋಶಗಳಲ್ಲಿ ಸಿಡಿ20 ಇಲ್ಲದಿರುವುದರಿಂದ ಆರೋಗ್ಯವಂತ ಬಿ-ಕೋಶಗಳು ತಿಂಗಳುಗಳ ನಂತರ ಮತ್ತೆ ಹುಟ್ಟುತ್ತವೆ.

ಕಾಯಿಲೆ ಮರುಕಳಿಸಿದ 166 ಜನರಿಗೆ ವಾರಕ್ಕೊಂದರಂತೆ ನಾಲ್ಕು ಡ್ರಿಪ್ ಕೊಟ್ಟಾಗ ಹತ್ತಿರಹತ್ತಿರ ಅರ್ಧದಷ್ಟು ಮಂದಿಯ ಗೆಡ್ಡೆಗಳು ಕುಗ್ಗಿದವು. ಆ ಫಲಿತಾಂಶದ ಮೇಲೆ 1997ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಮುಂದೆ ಕೀಮೋ ಜೊತೆ ಇದನ್ನು ಸೇರಿಸಿದಾಗ ರೋಗಿಗಳ ಆಯಸ್ಸೇ ಹೆಚ್ಚಿತು. ಇಷ್ಟರ ಮಟ್ಟಿಗೆ ಈ ಔಷಧಿಗೆ ಸಂದ ಹೊಗಳಿಕೆ ನ್ಯಾಯವಾದದ್ದೇ.

ನನ್ನ ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ. ಕಾಯಿಲೆ ಹತೋಟಿಗೆ ಬಂದ ಮೇಲೂ ಎರಡು ತಿಂಗಳಿಗೊಮ್ಮೆ, ಎರಡು ವರ್ಷ, ಇದೇ ಔಷಧಿಯನ್ನು ಮುಂದುವರಿಸುವ ‘ಮೇಂಟೆನೆನ್ಸ್’ ಪದ್ಧತಿಗೆ ಆಧಾರ ಪ್ರೀಮಾ ಅಧ್ಯಯನ. ಅದರಲ್ಲಿ ಮೇಂಟೆನೆನ್ಸ್ ಪಡೆದವರ ಕಾಯಿಲೆ ಉಲ್ಬಣಿಸದೆ ಉಳಿದ ಮಧ್ಯಾಂಕ ಅವಧಿ 10.5 ವರ್ಷ, ಪಡೆಯದವರದು 4.1 ವರ್ಷ. ಲಾಭ ದೊಡ್ಡದೇ. ಆದರೆ ಹತ್ತು ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ಬದುಕಿದ್ದವರು ಒಂದೇ ಪ್ರಮಾಣದಲ್ಲಿದ್ದರು: ಸುಮಾರು ಶೇ. 80. ಕಾಯಿಲೆ ಮರಳಿದವರಿಗೆ ಆಗ ಕೊಟ್ಟ ಚಿಕಿತ್ಸೆಯೂ ಫಲ ಕೊಡುತ್ತದೆ ಎಂದೇ ಇದರರ್ಥ.

ಮೇಂಟೆನೆನ್ಸ್‌ಗೆ ತೆರಬೇಕಾದ ಬೆಲೆಯೂ ಇದೆ. ಬಿ-ಕೋಶಗಳಿಲ್ಲದ ದೇಹಕ್ಕೆ ಸೋಂಕು ಸುಲಭವಾಗಿ ತಗಲುತ್ತದೆ, ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಅಡಗಿದ್ದ ಹೆಪಟೈಟಿಸ್ ಬಿ ಕೆರಳಿ ಯಕೃತ್ತನ್ನೇ ಕೆಡಿಸಬಹುದು. ರಕ್ತಪರೀಕ್ಷೆ ಮಾಡದೆ ಮೊದಲ ಡ್ರಿಪ್ ಹಾಕುವುದು ಅಕ್ಷಮ್ಯ. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ತಂದ, ಇದೇ ಔಷಧಿಯನ್ನು ಹೋಲುವ ಬಯೋಸಿಮಿಲರ್‌ನಿಂದ ನಮ್ಮಲ್ಲಿ ದರ ಇಳಿಯಿತು, ನಿಜ. ಆದರೂ ಕೈಯಿಂದ ಹಣ ಹಾಕುವ ಕುಟುಂಬಕ್ಕೆ ಹನ್ನೆರಡು ಡೋಸ್ ಸಣ್ಣ ಹೊರೆಯಲ್ಲ.

ಆದ್ದರಿಂದ ಮೇಂಟೆನೆನ್ಸ್ ಎಲ್ಲರಿಗೂ ತಾನಾಗಿ ಬರೆಯುವ ಚೀಟಿಯಾಗಬಾರದು. ಮತ್ತೆ ಕೀಮೋ ಬೇಡ, ಅದು ಆದಷ್ಟು ದೂರ ಹೋಗಲಿ ಎನ್ನುವವರಿಗೆ ಅದು ಸರಿಯಾದ ಆಯ್ಕೆ. ಪದೇಪದೇ ಸೋಂಕಿಗೆ ಒಳಗಾಗುವವರು, ಸಾಲ ಮಾಡಿ ಚಿಕಿತ್ಸೆ ಪಡೆಯುವವರು ಬೇಡವೆಂದರೆ ಅವರ ಆಯಸ್ಸು ಕುಗ್ಗುತ್ತದೆ ಎನ್ನಲು ಆಧಾರವಿಲ್ಲ. ಈ ಮಾತನ್ನು ವೈದ್ಯರು ಎರಡು ವರ್ಷದ ಚಿಕಿತ್ಸೆ ಶುರುವಾಗುವ ಮೊದಲೇ ಬಿಡಿಸಿ ಹೇಳಬೇಕು.