ಎರಡು ಸಾಲಿನ ಉತ್ತರಕ್ಕೆ

ನನ್ನ ತಂಗಿಯನ್ನು ರಾಮಸಮುದ್ರಕ್ಕೆ ಕೊಟ್ಟಿದ್ದೇವೆ. ಯಾದಗಿರಿಯಲ್ಲಿರುವ ನನಗೆ ಅವಳ ಫೋನು ಬರುವುದು ಸಾಮಾನ್ಯವಾಗಿ ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಕಳಿಸಿದ ಮೇಲೆ. ಅವತ್ತು ಮಾತ್ರ ಬೆಳಿಗ್ಗೆ ಏಳಕ್ಕೇ ಬಂತು.

"ಅಕ್ಕಾ, ಗೃಹಲಕ್ಷ್ಮಿ ರೊಕ್ಕ ಎರಡು ಕಂತಿಂದ ಬಂದಿಲ್ಲ. ಬಾಜೂ ಮನಿಯಾಕಿಗೆ ಬಂದದ. ಯಾಕಂತ ರಾತ್ರಿಯೆಲ್ಲ ಫೋನಿನ್ಯಾಗ ಓದಿದೆ. ಓದೀ ಓದೀ ಕಣ್ಣು ನೊಂದುವು, ಯಾಕ ಬಂದಿಲ್ಲ ಅನ್ನೋದು ಮಾತ್ರ ಎಲ್ಲೂ ಇಲ್ಲ."

ಗೃಹಲಕ್ಷ್ಮಿಯ ವಿಷಯ ನಿಮಗೆ ಹೇಳಬೇಕಾಗಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಯೋಜನೆ; ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಪೇಟೆಯಲ್ಲಿ ಒಂದು ಸೀರೆಗೆ ಹೋಗುವ ಆ ದುಡ್ಡಿನಲ್ಲಿ ನನ್ನ ತಂಗಿ ಮಗಳ ಟ್ಯೂಷನ್ ಶುಲ್ಕ ಕಟ್ಟುತ್ತಾಳೆ, ಮಿಕ್ಕದ್ದರಲ್ಲಿ ಎಣ್ಣೆ ತರುತ್ತಾಳೆ. ಎರಡು ಕಂತು ತಪ್ಪಿದರೆ ಮನೆಯ ಲೆಕ್ಕವೇ ತಪ್ಪುತ್ತದೆ.

ಅವಳು ಓದಿದ ಪುಟವನ್ನು ನನಗೂ ಕಳಿಸಿದಳು. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದು ಅದೇ ಅಂತೆ. ಪುಸ್ತಕದ ವಿಮರ್ಶೆ ಬರೆಯುವವರು ಓದುವಂತೆ ಪೆನ್ಸಿಲ್ ಹಿಡಿದು ಕೂತು ಓದಿದೆ. ಮೊದಲ ಪ್ಯಾರಾದಲ್ಲೇ "ಗೃಹಲಕ್ಷ್ಮಿ ಹಣ" ಎಂಬ ಮಾತು ಒಂಬತ್ತು ಸಲ. ಗೃಹಲಕ್ಷ್ಮಿ ಹಣ ಎಂದರೇನು, ಗೃಹಲಕ್ಷ್ಮಿ ಹಣ ಯಾರಿಗೆ, ಗೃಹಲಕ್ಷ್ಮಿ ಹಣ ಬಂದಿಲ್ಲವೇ, ಹಾಗಾದರೆ ಈ ಲೇಖನವನ್ನು ಕೊನೆಯವರೆಗೂ ಓದಿ. ಕೊನೆಯವರೆಗೂ ಓದಿದೆ. ಅಲ್ಲಿ "ಇನ್ನಷ್ಟು ಮಾಹಿತಿಗೆ ಇಲ್ಲಿ ಒತ್ತಿ" ಎಂದಿತ್ತು. ಒತ್ತಲು ಬೆರಳು ಇಡುವಷ್ಟರಲ್ಲಿ ಸಾಲು ಕೆಳಗೆ ಜಾರಿ, ಆ ಜಾಗಕ್ಕೆ ಸಾಲದ ಜಾಹೀರಾತೊಂದು ಬಂದು ಕೂತಿತು. ಅಷ್ಟು ತಿಳಿದ ನಾನೇ ಅದನ್ನು ಒತ್ತಿಬಿಟ್ಟೆ. ತಂಗಿ ಹಿಂದಿನ ರಾತ್ರಿ ಎಷ್ಟು ಸಲ ಒತ್ತಿದ್ದಳೋ!

ಈ ಬರವಣಿಗೆ ಯಾರಿಗಾಗಿ? ನನ್ನ ತಂಗಿಗಾಗಿ ಅಲ್ಲ. ಅದು ಹುಡುಕುವ ಯಂತ್ರಕ್ಕಾಗಿ ಬರೆದದ್ದು. ತೊಂಬತ್ತರ ದಶಕದಲ್ಲಿ ಅಂಥ ಯಂತ್ರಗಳು ಪುಟದಲ್ಲಿ ಒಂದು ಪದ ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಿದ್ದವು. ಆಗ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲೇ ಪದಗಳನ್ನು ತುರುಕಿದ ಮಹಾನುಭಾವರಿದ್ದರು. ಮನುಷ್ಯರಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ. 1998ರಲ್ಲಿ ಕಂಪನಿಯಾದ ಗೂಗಲ್, ಒಂದು ಪುಟವನ್ನು ಬೇರೆ ಎಷ್ಟು ಪುಟಗಳು ತೋರಿಸಿಕೊಡುತ್ತವೆ ಎಂಬುದನ್ನೂ ಲೆಕ್ಕಕ್ಕೆ ತಂದಿತು. ನಾಲ್ಕು ಜನ ಹೆಸರು ಹೇಳಿದ ಸೂಲಗಿತ್ತಿಯನ್ನೇ ಕರೆಸುತ್ತಿದ್ದರಲ್ಲ, ಹಾಗೆ. 2022ರ ಆಗಸ್ಟಿನಲ್ಲಿ ಅದೇ ಗೂಗಲ್, ಶ್ರೇಯಾಂಕಕ್ಕಾಗಿ ಬರೆದ ಪುಟಗಳನ್ನು ಹಿಂದಕ್ಕೆ ತಳ್ಳಿ, ಜನರಿಗಾಗಿ ಬರೆದವನ್ನು ಮುಂದೆ ತರುತ್ತೇವೆ ಎಂದು ಸಾರಿತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಸಾಲುಗಳು ಹೀಗೆ ಜಾರಬಾರದು ಎಂಬ ಅಳತೆಗಳೂ ಅದರವೇ. ನಮ್ಮ ಕನ್ನಡದ ಎಷ್ಟೋ ಪುಟಗಳಲ್ಲಿ ಮಾತ್ರ ಹಳೆಯ ಚಾಳಿ ಇನ್ನೂ ಹೋಗಿಲ್ಲ.

ತಮ್ಮನ ಮಗ ಕಲಬುರಗಿಯಲ್ಲಿ ಇಂಥದೇ ಪುಟ ನಡೆಸುತ್ತಾನೆ. ಹಬ್ಬಕ್ಕೆ ಬಂದಾಗ ಬೈದೆ. ಅವನು ಸಿಟ್ಟಾಗಲಿಲ್ಲ.

"ಅತ್ತೀ, ಮ್ಯಾಲೆ ಬರದಿದ್ರ ಯಾರು ನೋಡ್ತಾರ? ಯಾರೂ ನೋಡದ ಒಳ್ಳೆ ಪುಟ ಕಟಗೊಂಡು ಏನು ಮಾಡ್ಲಿ?"

ಅವನ ಮಾತನ್ನು ತೆಗೆದುಹಾಕುವಂತಿಲ್ಲ. ಯೂನಿಕೋಡ್ ಬರುವ ಮೊದಲಿನ ಲಿಪಿಗಳಲ್ಲಿ ಮಾಡಿದ ಎಷ್ಟೋ ಪುಟಗಳಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕನ್ನಡದಲ್ಲಿ ಹುಡುಕಿದವರಿಗೆ ಅವು ಸಿಗುತ್ತಲೇ ಇರಲಿಲ್ಲ. ಒಳ್ಳೆಯ ಮಾಹಿತಿ ಬೀಗ ಹಾಕಿದ ಕೋಣೆಯಲ್ಲಿ ಕೂತಂತೆ. ಕಾಣಿಸಿಕೊಳ್ಳಬೇಕು ಅನ್ನುವುದು ತಪ್ಪಲ್ಲ.

ಆದರೆ ಸಂಕ್ರಾಂತಿಗೆ ಮೈಲಾಪುರದ ಜಾತ್ರೆಯಲ್ಲಿ ಬಳೆಗಾರರನ್ನು ನೋಡಿದ್ದೀರಲ್ಲ? ಕೂಗಿ ಕರೆಯುವವನ ಹತ್ತಿರವೇ ನಾವು ಮೊದಲು ಹೋಗುವುದು. ಕೂಗಿದ ತಪ್ಪಿಗೆ ಯಾರೂ ಬೈಯುವುದಿಲ್ಲ. ಕೈ ಹಿಡಿದ ಮೇಲೆ ಗೆಣ್ಣು ನೋಯದಂತೆ ಬಳೆ ಏರಿಸಬೇಕು. ನನ್ನ ಅಳಿಯನಂಥವರು ನಾವು ಮುಂದೆ ಕೂತು ಕೈ ಚಾಚಿದ ಮೇಲೂ ಕೂಗುತ್ತಲೇ ಇರುತ್ತಾರೆ. ಇದನ್ನು ಹೇಳಿದಾಗ ಅವನು ನಕ್ಕ. ನಕ್ಕು ನಿಜ ಹೇಳಿದ: ಪುಟ ಉದ್ದವಾದಷ್ಟೂ ಜಾಹೀರಾತಿಗೆ ಜಾಗ.

ಇನ್ನು ತಂಗಿಯ ಪ್ರಶ್ನೆ. ಅದರ ಉತ್ತರ ಎರಡೇ ಸಾಲು. ಆಧಾರ್ ಮೂಲಕ ಬರುವ ಸರ್ಕಾರದ ಹಣ, ನಾವು ಮನಸ್ಸಿನಲ್ಲಿ ಇಟ್ಟುಕೊಂಡ ಪಾಸ್‌ಬುಕ್ಕಿಗೆ ಬರುವುದಿಲ್ಲ. ಆಧಾರ್ ಸಂಖ್ಯೆಗೆ ಎಲ್ಲಕ್ಕಿಂತ ಕೊನೆಗೆ ಜೋಡಣೆಯಾದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಅದು ಯಾವ ಬ್ಯಾಂಕು ಎಂಬುದನ್ನು ಆಧಾರ್‌ನ ಅಧಿಕೃತ ತಾಣದಲ್ಲಿ, ನೋಂದಾಯಿಸಿದ ಮೊಬೈಲಿಗೆ ಬರುವ ಗುಟ್ಟಿನ ಸಂಖ್ಯೆ ಹಾಕಿ ನೋಡಬಹುದು. ಹಣ ಬಾರದಿರಲು ಬೇರೆ ಕಾರಣಗಳೂ ಇರುತ್ತವೆ, ಆದರೆ ಮೊದಲು ನೋಡಬೇಕಾದದ್ದು ಇದು. ತಂಗಿ ಸಂಘದ ಸಾಲಕ್ಕೆಂದು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದಳು. ಅಲ್ಲಿ ಆಧಾರ್ ಪ್ರತಿ ಕೊಟ್ಟದ್ದು ಅವಳಿಗೆ ನೆನಪೇ ಇರಲಿಲ್ಲ. ಎರಡೂ ಕಂತು ಅಲ್ಲಿ ಬೆಚ್ಚಗೆ ಕೂತಿದ್ದವು.

ಸಿಟ್ಟು ಬಂದದ್ದು ಆಗಲೇ. ಒಂದು ರಾತ್ರಿಯ ನಿದ್ದೆ, ಒಂದು ದಿನದ ಡೇಟಾ, ಮರುದಿನ ಯಾದಗಿರಿಗೆ ಬಂದು ಹೋದ ಒಂದು ಕೂಲಿ — ಇದಿಷ್ಟೂ ಎರಡು ಸಾಲಿಗೆ. ಬಸ್ಸಿಗೆ ಶಕ್ತಿ ಯೋಜನೆ ಇತ್ತು, ಪುಣ್ಯ. ಅಡುಗೆಯ ಪುಟದಲ್ಲಿ ಜೋಳದ ರೊಟ್ಟಿಯ ಇತಿಹಾಸ ಕೊರೆದರೆ ನಾವು ನಕ್ಕು ಬಿಡುತ್ತೇವೆ. ರೊಟ್ಟಿ ಮಾಡಲು ಬರುತ್ತದೆ. ದುಡ್ಡು ಎಲ್ಲಿ ಹೋಯಿತು ಎಂದು ಗಾಬರಿಯಾಗಿರುವ ಹೆಂಗಸನ್ನು ಹೀಗೆ ಅಡ್ಡಾಡಿಸುವುದು ಬೇರೆ.

ಲಗ್ನಪತ್ರಿಕೆಯೊಂದರ ಹಿಂಬದಿಗೆ ಆ ಎರಡು ಸಾಲು ಬರೆದು ಅಳಿಯನ ಕೈಗಿಟ್ಟೆ. ಮೇಲೆ ಇದನ್ನು ಹಾಕು, ಕೆಳಗೆ ನಿನ್ನ ಪುರಾಣ ಎಷ್ಟಾದರೂ ಇರಲಿ ಅಂದೆ. "ಉತ್ತರ ಮೇಲೇ ಸಿಕ್ರ ಕೆಳಗ ಯಾರು ಬರ್ತಾರ ಅತ್ತೀ?" ಎಂದು ಗೊಣಗಿದ, ಆದರೆ ಹಾಕಿದ. ಈಗ ಅದು ಎಷ್ಟನೆಯ ಸ್ಥಾನದಲ್ಲಿದೆ ಎಂದು ದಿನಾ ನೋಡುತ್ತಿರುತ್ತಾನೆ. ತಂಗಿ ಅದನ್ನು ತನ್ನ ಓಣಿಯ ಇಬ್ಬರಿಗೆ ಓದಿ ಹೇಳಿದ್ದಾಳೆ. ಒಬ್ಬಾಕೆಯ ಖಾತೆ ಸಿಕ್ಕಿದೆ. ಇನ್ನೊಬ್ಬಾಕೆಯ ನಂಬರು ಬದಲಾಗಿದೆ, ಗುಟ್ಟಿನ ಸಂಖ್ಯೆ ಹಳೆಯ ಮೊಬೈಲಿಗೆ ಹೋಗುತ್ತಿದೆ. ಅವಳಿಗಾಗಿ ಮೂರನೆಯ ಸಾಲೊಂದು ಬರೆಯಬೇಕು.