‘ಅದು ಸರಿ, ಸ್ವಂತ ಊರು?’

“ನಿಮ್ಮೂರು ಯಾವುದು?” ಎಂದು ಯಾರಾದರೂ ಕೇಳಿದರೆ “ಹಲಸೂರು” ಎನ್ನುತ್ತೇನೆ. ಮರುಪ್ರಶ್ನೆ ಬಂದೇ ಬರುತ್ತದೆ: “ಅದು ಸರಿ, ಸ್ವಂತ ಊರು?” ಇಲ್ಲೇ ಹುಟ್ಟಿ, ಇಲ್ಲೇ ಕೂದಲು ನರೆತವನ ಬಳಿ ಬೇರೆ ಉತ್ತರವಿಲ್ಲ. ಈ ಪ್ರಶ್ನೆಯ ಹಿಂದೆ ನಮ್ಮ ಸಾಹಿತ್ಯದ ನೆರಳೂ ಇದೆ ಎಂಬುದು ನನ್ನ ಗುಮಾನಿ.

ನಮ್ಮ ಕಥೆ ಕಾದಂಬರಿಗಳಲ್ಲಿ ಊರೆಂದರೆ ಬಹುಪಾಲು ಬಿಟ್ಟುಬಂದ ಊರು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕೂತು ಹನೇಹಳ್ಳಿಯನ್ನು ಬರೆದರು; ದೂರವೇ ಅವರಿಗೆ ಕಣ್ಣು ಕೊಟ್ಟಿತು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಬೆಂಗಳೂರು ಹಳ್ಳಿಯಿಂದ ಬಂದು ಸೇರಿದ ಜಾಗ. ಇಬ್ಬರಲ್ಲೂ ಒಂದು ಪ್ರಯಾಣವಿದೆ. ಹೊರಡದೇ ಉಳಿದವರ ಕಥೆ ಎಲ್ಲಿ?

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ನನ್ನನ್ನು ಮತ್ತೆ ಮತ್ತೆ ಕಾಡುವುದು ಇದಕ್ಕೇ. ಅದರ ನಿರೂಪಕ ಇರುವೆ ಮುತ್ತಿದ ಹಳೇ ಮನೆಯಿಂದ ದೊಡ್ಡ ಮನೆಗೆ ಹೋಗುತ್ತಾನೆ, ಊರು ಬಿಡುವುದಿಲ್ಲ. ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರ ಇಡೀ ಮನೆಗೆ ಅನ್ನ ಹಾಕುತ್ತದೆ. ಅನ್ನದ ಜೊತೆಗೆ ಮೌನವನ್ನೂ ಉಣಿಸುತ್ತದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಮನೆಯವರು ಬೈದು ಅಟ್ಟಿದಾಗ ಅದು ತಪ್ಪೆನ್ನುವವಳು ಹೈದರಾಬಾದಿನಿಂದ ಬಂದ ಸೊಸೆ ಅನಿತಾ. ನಿರೂಪಕನಿಗೆ ಕಾಣಲಿಲ್ಲವೆಂದಲ್ಲ, ಕಂಡದ್ದನ್ನು ಹೇಳಲಾಗಲಿಲ್ಲ. ಇದ್ದಲ್ಲೇ ಇರುವವರು ತೆರುವ ಬೆಲೆಯನ್ನು ಇಷ್ಟು ನಿಷ್ಠುರವಾಗಿ ಹೇಳಿದ ಕನ್ನಡ ಕೃತಿಯನ್ನು ನಾನು ಬೇರೆ ಓದಿಲ್ಲ.

ಆ ಬೆಲೆ ನನಗೂ ಗೊತ್ತು. ಒಂದು ರಾತ್ರಿ ಅಮ್ಮನಿಗೆ ಉಸಿರುಕಟ್ಟಿದಾಗ, ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಆಟೋ ನಿಲ್ಲಿಸಿದ್ದರು. ಹುಟ್ಟೂರಿನ ಲಾಭವೆಂದರೆ ಇದು. ಮುಂದೆ ಅದೇ ಅಕ್ಕನ ಮಗ ಹೆಂಡತಿಯನ್ನು ಹೊಡೆಯುವ ಸದ್ದು ಗೋಡೆಯಾಚೆಯಿಂದ ಕೇಳಿದಾಗ ನಾನು ಟೀವಿಯ ದನಿ ಏರಿಸಿದೆ. ಆಟೋದ ಋಣ ಬಾಯಿ ಕಟ್ಟಿತ್ತು.

ಆದರೂ ಶಾನಭಾಗರ ಕೃತಿಯ ಬಗ್ಗೆ ನನ್ನದೊಂದು ತಕರಾರಿದೆ. ಅಲ್ಲಿ ಮನೆಯಿದೆ, ಕಾಫಿ ಹೌಸ್ ಇದೆ, ನೆರೆಹೊರೆ ಅಷ್ಟಾಗಿ ಇಲ್ಲ. ದಂಡಿನ ಕಡೆಯ ಬೆಂಗಳೂರಿನಲ್ಲಿ ಊರೆಂಬುದು ಹೊಸ್ತಿಲಲ್ಲಿ ಮುಗಿಯುವುದಿಲ್ಲ. 1809ರಲ್ಲಿ ಬಂದ ದಂಡು, ಹಳೆಯ ಪೇಟೆಯ ಜೊತೆ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಇಂದಿಗೂ ದಖನಿಯಲ್ಲಿ ಶುರುವಾದ ಚೌಕಾಸಿ ತಮಿಳಿಗೆ ಹೊರಳಿ ಕನ್ನಡದಲ್ಲಿ ಮುಗಿಯುತ್ತದೆ. ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆ 18 ವರ್ಷ ಮುಸುಕಿನೊಳಗಿತ್ತು, 2009ರಲ್ಲಿ ಅನಾವರಣವಾಯಿತು. ಹೊರಗಿನವರಿಗೆ ಅದು ಎರಡು ದಿನದ ಸುದ್ದಿ. ಆ 18 ವರ್ಷ ಅದರ ಮುಂದೆಯೇ ತರಕಾರಿ ಚೀಲ ಹಿಡಿದು ನಡೆದವರಿಗೆ, ಯಾವ ಅಂಗಡಿಯಲ್ಲಿ ಯಾವ ಭಾಷೆ ಆಡಬೇಕು, ಯಾವಾಗ ಸುಮ್ಮನಿರಬೇಕು ಎಂಬ ಲೆಕ್ಕ. ಬಿಟ್ಟುಹೋದವರ ಬಳಿ ಊರಿನ ಒಂದು ಚಿತ್ರವಿರುತ್ತದೆ. ಉಳಿದವರ ಬಳಿ ಅದು ಬದಲಾದ ಒಂದೊಂದು ದಿನವೂ ಇರುತ್ತದೆ. ಬರೆಯುವವನಿಗೆ ಇದು ಸಣ್ಣ ಆಸ್ತಿಯಲ್ಲ.

ಕಳೆದ ತಿಂಗಳು ಅಕ್ಕನ ಸೊಸೆ ಕೆ.ಆರ್. ಪುರದ ತವರಿಗೆ ಹೊರಟುಹೋದಳು. ಬ್ಯಾಗನ್ನು ಆಟೋದಲ್ಲಿಟ್ಟೆ. “ಅಣ್ಣಾ, ನಿಮಗೆಲ್ಲಾ ಕೇಳಿಸ್ತಿತ್ತು ಅಲ್ವಾ?” ಎಂದಳು. ನಾನು ತಲೆಯಾಡಿಸಿದೆ.

ದೂರ ಹೋದವರ ನೆನಪು ಕನ್ನಡಕ್ಕೆ ಬೇಕಾದಷ್ಟು ಸಿಕ್ಕಿದೆ. ಉಳಿದವರ ಸಾಕ್ಷಿ ಸಿಕ್ಕಿಲ್ಲ. ಅದಕ್ಕೆ ಕಾರಣ ನಾವು ಊರು ಬಿಡದಿರುವುದಲ್ಲ, ಬಾಯಿ ಬಿಡದಿರುವುದು.