ಆಧುನಿಕತೆಯ ದುರಂತ ಯಾರದು?

ಆಧುನಿಕ ಜಗತ್ತಿನ ದೊಡ್ಡ ದುರಂತ ಯಾವುದು ಅಂತ ಕೇಳಿದರೆ ಕನ್ನಡ ವಿಮರ್ಶೆಗೆ ಉತ್ತರ ಬಾಯಿಪಾಠ. ಮನುಷ್ಯ ಒಂಟಿಯಾದ, ಬೇರು ಕಳಕೊಂಡ, ಊರು ಒಡೆಯಿತು, ದೇವರು ದೂರವಾದ. ಪರಕೀಯತೆ, ಅನಾಥಪ್ರಜ್ಞೆ ಎಂಬ ಮಾತುಗಳನ್ನು ನವ್ಯದ ಕಾಲದಿಂದಲೂ ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆದು ಪಾಸಾಗುತ್ತ ಬಂದಿದ್ದಾರೆ. ಕೇರಿಯಿಂದ ಬಂದ ಹುಡುಗನೂ ಅದನ್ನೇ ಬರೆಯುತ್ತಾನೆ. ಅವನ ಅಪ್ಪನಿಗೆ ಊರು ಯಾವತ್ತು ಒಂದಾಗಿತ್ತು, ಈಗ ಒಡೆಯೋದಕ್ಕೆ? ಗುಡಿಯ ದೇವರು ಯಾವತ್ತು ಹತ್ತಿರ ಇದ್ದ, ಈಗ ದೂರವಾಗೋದಕ್ಕೆ? ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿಸಿಲ್ಲ.

ಕಳಕೊಳ್ಳಬೇಕಾದರೆ ಮೊದಲು ಇರಬೇಕು. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯಲ್ಲಿ ಅಗ್ರಹಾರದ ಒಂದು ಹೆಣ ಇಡೀ ಧರ್ಮಶಾಸ್ತ್ರವನ್ನೇ ಬಿಕ್ಕಟ್ಟಿಗೆ ತಳ್ಳುತ್ತದೆ. ಅದೇ ಪ್ಲೇಗು ಕೇರಿಗೂ ಬರುತ್ತದೆ. ಅಲ್ಲಿ ಸತ್ತವರನ್ನು ಗುಡಿಸಲ ಸಮೇತ ಸುಡುತ್ತಾರೆ, ಕತೆ ಮುಂದೆ ಹೋಗುತ್ತದೆ. ಅಗ್ರಹಾರ ಕೊಳೆತದ್ದನ್ನು ಆ ಕೃತಿ ಧೈರ್ಯವಾಗಿ ತೋರಿಸಿತು, ಇಲ್ಲ ಅನ್ನಲಾಗದು. ಆದರೆ ಪ್ರಾಣೇಶಾಚಾರ್ಯನ ಸಂಕಟವನ್ನು ‘ಆಧುನಿಕ ಮನುಷ್ಯನ ಸಂಕಟ’ ಅಂತ ಹಿಗ್ಗಿಸಿದ ವಿಮರ್ಶೆಗೆ ಸುಟ್ಟ ಗುಡಿಸಲು ಕೇವಲ ಹಿನ್ನೆಲೆಯಾಗಿ ಉಳಿಯಿತು. ಬೆಳ್ಳಿಯ ಅಪ್ಪ ಅವ್ವ ಯಾವ ಮನುಷ್ಯರ ಲೆಕ್ಕಕ್ಕೆ?

ಇದಕ್ಕಿಂತ ಮೂರು ದಶಕ ಹಿಂದಿನ ‘ಚೋಮನ ದುಡಿ’ (1933) ನಮಗೆ ಬೇರೊಂದು ದಾರಿ ತೋರಿಸುತ್ತದೆ. ಚೋಮನ ಹತ್ತಿರ ಎತ್ತುಗಳಿವೆ, ಉಳಲು ಭೂಮಿ ಇಲ್ಲ. ಊರಿನ ಧಣಿಯ ಮನೆ ಸಂಪ್ರದಾಯದ ಹೆಸರು ಹೇಳಿ ಭೂಮಿ ಕೊಡುವುದಿಲ್ಲ. ಘಟ್ಟದ ಮೇಲಿನ ಕಾಫಿ ತೋಟ ಸಾಲದ ಲೆಕ್ಕ ಹೇಳಿ ಮಕ್ಕಳನ್ನು ಎಳೆದುಕೊಳ್ಳುತ್ತದೆ. ಧಣಿಯ ಮನೆ ಹಳೆಯ ಜಗತ್ತು, ತೋಟ ಹೊಸ ಜಗತ್ತು. ಎರಡೂ ಜಗಳ ಆಡುವುದಿಲ್ಲ, ಚೋಮನ ಮೈಮೇಲೆ ಕೂಡಿ ದುಡಿಸಿಕೊಳ್ಳುತ್ತವೆ. ಕಾರಂತರ ಕರುಣೆ ಹೊರಗಿನವರ ಕರುಣೆ ಎಂಬ ತಕರಾರು ನಮ್ಮಲ್ಲಿದೆ, ಇರಲಿ. ಆದರೆ ಈ ಕೂಡಾವಳಿಯನ್ನು ಕೃತಿ ಹಿಡಿದಿದೆ. ಹಳೆಯದನ್ನು ಹೊಸದು ನಾಶ ಮಾಡಿತು ಅನ್ನೋದು ಮೇಲಿನವರ ದುರಂತ. ಹಳೆಯದರ ಕೇಡನ್ನು ಹೊಸದು ಜೋಪಾನವಾಗಿ ಇಟ್ಟುಕೊಂಡಿತು ಅನ್ನೋದು ನಮ್ಮದು.

ಇದು ಬರೀ ಕಾದಂಬರಿಯ ಮಾತಲ್ಲ. ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು. ದೇಶದ ಬಹುಪಾಲು ಊರುಗಳು ಎಣ್ಣೆ ದೀಪದಲ್ಲಿದ್ದ ಕಾಲ ಅದು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವರಲ್ಲಿ ಬಹಳಷ್ಟು ಮಂದಿ ತಮಿಳು ಸೀಮೆಯಿಂದ ಬಂದ ದಲಿತರು. ಗಣಿ ಅವರಿಗೆ ಏನೂ ಕೊಡಲಿಲ್ಲ ಅಂತಲ್ಲ. ಊರ ಧಣಿಯ ಕಣ್ಣಿಂದಾಚೆ ಕೈಗೆ ಕಾಸಿನ ಕೂಲಿ ಸಿಕ್ಕಿತು, ಮಾರಿಕುಪ್ಪಂನಲ್ಲಿ ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ಹುಟ್ಟಿತು. ಇದು ಆಧುನಿಕತೆ ಕೊಟ್ಟದ್ದು, ಇದನ್ನು ಮರೆತು ನಾವು ಹಳ್ಳಿಯ ಹಾಡು ಹಾಡಬೇಕಿಲ್ಲ. ಆದರೆ ಅದೇ ಗಣಿಯೂರಿನಲ್ಲಿ ಕಕ್ಕಸಿನ ಮಲ ಎತ್ತುವ ಕೆಲಸ 1993ರ ನಿಷೇಧ ಕಾಯ್ದೆಯ ನಂತರವೂ, 2001ರಲ್ಲಿ ಗಣಿ ಮುಚ್ಚಿದ ನಂತರವೂ ಉಳಿಯಿತು. ಭೂಮಿಯ ಹೊಟ್ಟೆ ಬಗೆಯೋದಕ್ಕೆ ಯಂತ್ರ ಬಂತು, ಕಕ್ಕಸಿಗೆ ಬರಲಿಲ್ಲ. ಯಂತ್ರ ಇರಲಿಲ್ಲವೆಂದಲ್ಲ. ಅದಕ್ಕಿಂತ ಅಗ್ಗವಾದ ಜಾತಿ ಇತ್ತು.

2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಪರಿಹಾರ ಕೊಡಿ ಅಂತ 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರ ಏರಿದೆ, ಮ್ಯಾನ್‌ಹೋಲಿಗೆ ಇಳಿಯುವ ಜಾತಿ ಬದಲಾಗಿಲ್ಲ.

ಸಾಹಿತ್ಯಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಸಂಬಂಧ ಇದೆ. 1973ರಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಗಲಭೆಯಾಯಿತು, ಅವರು ಸಚಿವ ಸ್ಥಾನ ಬಿಡಬೇಕಾಯಿತು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಮಾಡಿದವರೂ ಅವರೇ. ನಮ್ಮ ಸಾಹಿತ್ಯ ಚರಿತ್ರೆಗೆ ಬೂಸಾ ನೆನಪಿದೆ, ಬುಟ್ಟಿ ನೆನಪಿಲ್ಲ. ಯಾವುದನ್ನು ದುರಂತ ಅನ್ನಬೇಕು, ಯಾವುದನ್ನು ಪುರಸಭೆಯ ಕಡತಕ್ಕೆ ಬಿಡಬೇಕು ಅನ್ನೋದು ಅಭಿರುಚಿಯ ಪ್ರಶ್ನೆಯಲ್ಲ, ಯಜಮಾನಿಕೆಯ ಪ್ರಶ್ನೆ.

ನಮ್ಮೊಳಗಿನ ಒಂದು ವಾದವನ್ನೂ ಇಲ್ಲಿ ಎದುರಿಸಬೇಕು. ಆಧುನಿಕ ದಲಿತ ತನ್ನನ್ನು ಹೊಸದಾಗಿ ಹುಟ್ಟಿಸಿಕೊಳ್ಳುವ ಭರದಲ್ಲಿ ತನ್ನ ಸಾಂಸ್ಕೃತಿಕ ನೆನಪುಗಳನ್ನೇ ಬಿಟ್ಟುಕೊಟ್ಟ ಎಂಬ ಆತಂಕ ಡಿ.ಆರ್. ನಾಗರಾಜ್ ಅವರದಾಗಿತ್ತು. ಹಗುರ ಮಾತಲ್ಲ ಅದು. ನಮ್ಮವರ ದೇವರು, ಕತೆ, ಹಾಡು ಕಳೆದುಹೋಗುತ್ತಿರುವುದು ನಿಜ. ಆದರೆ ತಮಟೆಯನ್ನೇ ನೋಡಿ. ಅದು ನಮ್ಮ ಕಲೆ, ಹಾಗೆಯೇ ಊರವರ ಸಾವಿಗೆ ಕರೆದಾಗ ಹೋಗಿ ಬಡಿಯಲೇಬೇಕಾದ ಬಿಟ್ಟಿ ಚಾಕರಿ. ತಮಟೆ ಕೆಳಗಿಟ್ಟವನು ನೆನಪು ಕಳಕೊಂಡವನಲ್ಲ, ಬಿಟ್ಟಿ ಕಳಚಿದವನು. ಚಾಕರಿಯನ್ನು ಬಿಟ್ಟು ಕಲೆಯನ್ನು ಮಾತ್ರ ಉಳಿಸಿಕೊಳ್ಳುವ ಅವಕಾಶವನ್ನು ಊರು ಅವನಿಗೆ ಕೊಡಲಿಲ್ಲ. ಆ ನಷ್ಟದ ಹೊಣೆಯನ್ನು ಆಧುನಿಕತೆಯ ತಲೆಗೆ ಕಟ್ಟಿದರೆ ಊರು ಸಲೀಸಾಗಿ ಪಾರಾಗುತ್ತದೆ. ಹೋರಾಟದ ಮೆರವಣಿಗೆಯಲ್ಲಿ ಅದೇ ತಮಟೆ ಯಾರೂ ಕರೆಯದೆ ಸದ್ದು ಮಾಡಿದಾಗ ಅದು ಹೊಸ ನೆನಪೂ ಹೌದು.

ಆದ್ದರಿಂದ ಗೆಳೆಯರೇ, ‘ಹಿಂದೆ ಎಲ್ಲ ಚೆನ್ನಾಗಿತ್ತು’ ಎಂಬ ಶೋಕಗೀತೆ ಇವತ್ತು ಬರೀ ಸಾಹಿತ್ಯದ ಧಾಟಿಯಲ್ಲ, ಮತ ಕೇಳುವವರ ಭಾಷೆಯೂ ಆಗಿದೆ. ಅದಕ್ಕೆ ನಮ್ಮ ಕೊರಳು ಸೇರಿಸುವ ಮುಂಚೆ ಒಂದು ಕೆಲಸ ಮಾಡೋಣ. ಯಾವ ಕೃತಿ ಕೈಗೆ ಬಂದರೂ ಇದರಲ್ಲಿ ಯಾರ ಹೆಣಕ್ಕೆ ಅಧ್ಯಾಯ ಸಿಕ್ಕಿದೆ, ಯಾರದಕ್ಕೆ ಸಾಲು ಸಿಕ್ಕಿದೆ ಅಂತ ಎಣಿಸೋಣ. ತರಗತಿಯಲ್ಲಿ ಕೂತ ಹುಡುಗ ಹುಡುಗಿಯರು ಪರೀಕ್ಷೆಯ ಉತ್ತರದಲ್ಲೇ ಇದನ್ನು ಬರೆಯಲಿ. ಅಂಕ ಕಮ್ಮಿ ಬಂದರೆ ಆ ಉತ್ತರ ಪತ್ರಿಕೆಗಳ ಬಗ್ಗೆಯೇ ಮುಂದಿನ ಲೇಖನ ಬರೆಯೋಣ.